ಮೂಲಿ ಲಾಗ್ 6: ಒಂದು ‘ಟಕ್’ ಸದ್ದು, ಹದಿನಾಲ್ಕು ವಾರ

ನಾನು ವಾಲಂಟಿಯರ್ ಆಗಿರುವ ನಾಯಿ ಶೆಲ್ಟರ್‌ನಲ್ಲಿ, ಭಾನುವಾರ ಬೆಳಿಗ್ಗೆ, ಮೂಲಿ ಅನ್ನುವ ಬೀದಿನಾಯಿಯ ಪಕ್ಕೆಯ ಮೇಲೆ ಹಾರ್ನೆಸ್ (ಕುತ್ತಿಗೆಗಲ್ಲದೆ ಮೈಗೆ ಕಟ್ಟುವ ಪಟ್ಟಿ) ಬಕಲ್ ‘ಟಕ್’ ಅಂತ ಕೂತಿತು. ಅವಳು ಓಡಲಿಲ್ಲ. ಬಲಗಿವಿ ಒಂದು ಸಲ ಹಿಂದಕ್ಕೆ ಮಡಚಿಕೊಂಡಿತು, ಮತ್ತೆ ನೆಟ್ಟಗಾಯಿತು. ಆಮೇಲೆ ನನ್ನ ಕೈ ನೋಡಿದಳು. ಎಲ್ಲಿ ಮೊಟ್ಟೆ, ಅಂತ.

ಸುದ್ದಿ ಇಷ್ಟೇ. ಆದರೆ ಇಷ್ಟಕ್ಕೆ ಆಗಸ್ಟ್‌ನಿಂದ ನವೆಂಬರ್‌ವರೆಗೆ ಎಳೆಯಿತು. ಆ ಹದಿನಾಲ್ಕು ವಾರದಲ್ಲಿ ಕಡಿಮೆ ಅಂದರೂ ಎಂಟು ವಾರ ಹಾಳಾಗಿದ್ದು ನನ್ನಿಂದಲೇ, ಮೂಲಿಯಿಂದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೊಸಬರಿಗೆ ನಾಲ್ಕು ಸಾಲು. ಮೂಲಿಗೆ ಸುಮಾರು ಮೂರು ವರ್ಷ, ತೂಕ 15 ಕೆಜಿ, ಹುರಿದ ರಾಗಿ ಬಣ್ಣ, ಎಡಗಿವಿಯಲ್ಲಿ ಸಂತಾನಹರಣ ಆಗಿದೆ ಅನ್ನುವ ಗುರುತಿನ ‘ವಿ’ ಕಟ್. ಯಾವುದೋ ಗಾಡಿ ಗುದ್ದಿ ಹಿಂಗಾಲು ಮುರಿದುಕೊಂಡು ಶೆಲ್ಟರ್‌ಗೆ ಬಂದವಳು. ಸಂತಾನಹರಣದ ಆಪರೇಷನ್ ಮಾಡಿದ ಬೀದಿನಾಯಿಯನ್ನು ಅದರ ಜಾಗಕ್ಕೇ ವಾಪಸ್ ಬಿಡಬೇಕು ಅಂತ 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮವೇ ಇದೆ. ಆದರೆ ಆ ಕಾಲು ಇಟ್ಟುಕೊಂಡು ಆ ರಸ್ತೆಯಲ್ಲಿ ಇವಳು ಒಂದು ವಾರವೂ ಉಳಿಯಲ್ಲ, ಹಾಗಾಗಿ ಮನೆ ಹುಡುಕೋಣ ಅಂತಾಯಿತು. ಬಂದ ದಿನದಿಂದ ಕೆನಲ್‌ನ (ನಾಯಿಗೂಡಿನ) ಒಂದು ಮೂಲೆ ಹಿಡಿದು ಕೂತಳು. ಕೆನಲ್ ನೋಡಿಕೊಳ್ಳುವ ಅಕ್ಕ, “ಇದು ಮೂಲೆ ಬುಟ್ಟು ಬರಾಕಿಲ್ಲ ಸಾರ್” ಅಂದರು. ಹೆಸರು ಮೂಲಿ ಆಯಿತು.

ಹೆದರಿದ ನಾಯಿಯ ನಂಬಿಕೆ ಗಳಿಸೋಕೆ ಬೆನ್ನು ತಿರುಗಿಸಿ ಕೂತು ತುಂಡು ಎಸೆಯೋದು, ಕಣ್ಣಿಗೆ ಕಣ್ಣು ಕೊಡದೆ ಆಕಳಿಸೋದು, ಕೈಯಿಂದ ತಿನ್ನಿಸೋದು, ಕುತ್ತಿಗೆ ಕೆರೆಯೋದು, ಇದೆಲ್ಲ ನೀವೂ ಮಾಡಿದವರೇ. ಜುಲೈ ಹೊತ್ತಿಗೆ ಅದೆಲ್ಲ ಮುಗಿದಿತ್ತು. ನನ್ನ ತೊಡೆ ಮೇಲೆ ಗಲ್ಲ ಇಡುವಷ್ಟು ಹತ್ತಿರವಾಗಿದ್ದಳು. ಇನ್ನೇನು, ಹಾರ್ನೆಸ್ ಹಾಕಿ ನಾಲ್ಕು ಹೆಜ್ಜೆ ನಡೆಸಿ ಒಂದು ವಿಡಿಯೋ ತೆಗೆದರೆ ಅಡಾಪ್ಷನ್ ಪೋಸ್ಟ್ ರೆಡಿ ಅಂದುಕೊಂಡೆ.

ಬರೀ ಕಾಲರ್ ಯಾಕೆ ಸಾಲದು ಅಂತ ಕೇಳಬೇಡಿ. ನಮ್ಮ ನಾಡನಾಯಿಗಳ ತಲೆ ಸಣ್ಣ, ಕುತ್ತಿಗೆ ದಪ್ಪ. ಹೆದರಿ ಹಿಂದಕ್ಕೆ ಜಗ್ಗಿದರೆ ಕಾಲರ್ ಸೋಪು ಜಾರಿದ ಹಾಗೆ ಜಾರುತ್ತದೆ. ಹೊಸ ಮನೆಗೆ ಹೋದ ಮೊದಲ ವಾರವೇ ಹೀಗೆ ತಪ್ಪಿಸಿಕೊಂಡರೆ ಹೆದರುವ ನಾಯಿಯನ್ನು ಮತ್ತೆ ಹಿಡಿಯೋದು ದೇವರಿಗೇ ಪ್ರೀತಿ. ಹಾರ್ನೆಸ್ ಹಾಕಿಸಿಕೊಳ್ಳದ ಮೂಲಿಯನ್ನು ಯಾರ ಮನೆಗೂ ಕಳಿಸುವ ಹಾಗಿಲ್ಲ.

ಇನ್ನು ಅಂಗಡಿಯವರ ಕಥೆ. ಮಾರುಕಟ್ಟೆಯಲ್ಲಿ ನಾಯಿ ಅಂದರೆ ಎರಡೇ: ಪಗ್, ಲ್ಯಾಬ್ರಡಾರ್. ಎದೆ 58 ಸೆಂಟಿಮೀಟರ್, ಸೊಂಟ ಅದರ ಮುಕ್ಕಾಲೂ ಇಲ್ಲದ ದೇಹ ಇರಬಹುದು ಅಂತ ಯಾವ ಕಂಪನಿಗೂ ಹೊಳೆದಿಲ್ಲ. ‘ಎಸ್’ ತರಿಸಿದರೆ ಮುಂಗಾಲೇ ತೂರಲ್ಲ. ‘ಎಂ’ ತರಿಸಿದರೆ ಹಿಂದಕ್ಕೆ ಎರಡು ಹೆಜ್ಜೆ ಇಟ್ಟು ಅಂಗಿ ಕಳಚಿದ ಹಾಗೆ ಕಳಚಿಕೊಳ್ಳಬಹುದು. ಮೂರು ಪಟ್ಟಿ ಇರುವ, ಸೊಂಟಕ್ಕೂ ಒಂದು ಕಟ್ಟು ಬರುವ ಹಾರ್ನೆಸ್ ಬೇಕು ಅಂತ ಆನ್‌ಲೈನ್ ಒಬ್ಬರಿಗೆ ಅಳತೆ ಬರೆದು ಕಳಿಸಿದೆ. ಗುಲಾಬಿ ಬಣ್ಣದ್ದು ಬಂತು, ಬೆನ್ನ ಮೇಲೆ ‘ಕಿಂಗ್’ ಅಂತ ಬರೆದಿತ್ತು. ಪಗ್ ಸೈಜು. ವಾಪಸ್ ಕಳಿಸಿ ಬದಲಿ ಕೇಳಿದೆ, ಫೋನ್ ಎತ್ತಲಿಲ್ಲ. ಕೊನೆಗೆ ನಮ್ಮ ಬಸ್ ಸ್ಟಾಪ್ ಪಕ್ಕ ಬ್ಯಾಗ್ ರಿಪೇರಿ ಮಾಡುವವರ ಹತ್ತಿರ ‘ಎಂ’ ಸೈಜಿಗೇ ಮೂರನೇ ಪಟ್ಟಿ ಹೊಲಿಸಿದೆ. 80 ರೂಪಾಯಿ. ಹಳೇ ಸ್ಕೂಲ್ ಬ್ಯಾಗಿನ ಪಟ್ಟಿ, ಹಳೇ ಸ್ಕೂಲ್ ಬ್ಯಾಗಿನ ಬಕಲ್. ಹೊಲಿಗೆ ನೋಡಿದರೆ ಎತ್ತನ್ನೂ ಕಟ್ಟಬಹುದು.

ಮೊದಲ ದಿನ ಹಾರ್ನೆಸ್ ಮೂಸಿದಳು. ಕತ್ತು ತೂರಿಸಿದೆ, ಸುಮ್ಮನಿದ್ದಳು. ಪಕ್ಕೆಯಲ್ಲಿ ಬಕಲ್ ಹಾಕಿದೆ, ಅಷ್ಟೇ. ಅರ್ಧ ಹಾಕಿದ ಹಾರ್ನೆಸ್ ಎಳೆದುಕೊಂಡೇ ಮೂಲೆಗೆ ಓಡಿ, ಗೋಡೆಗೆ ಮುಖ ಒತ್ತಿ, ನಿಂತಲ್ಲೇ ಉಚ್ಚೆ ಹೊಯ್ದಳು. ಆಮೇಲೆ ಎರಡು ದಿನ ನನ್ನ ಕೈಯಿಂದ ತಿನ್ನಲಿಲ್ಲ.

ತಲೆ ಮೇಲಿಂದ ಬರುವ ವಸ್ತುವಿನ ಭಯ ಅಂತ ತೀರ್ಮಾನ ಮಾಡಿದೆ. ಎಲ್ಲರೂ ಅದೇ ಹೇಳುತ್ತಾರೆ, ಅಲ್ವಾ? ಕಾಲು ಇಟ್ಟು ಹಾಕಿಸಿಕೊಳ್ಳುವ ಬಗೆಯದ್ದು ತಂದೆ. ಅದೇ ಕಥೆ. ಹಾಗಾದರೆ ಹೊಟ್ಟೆ ಮುಟ್ಟಿದ್ದು ಇಷ್ಟವಾಗಿಲ್ಲ ಅಂತ ಒಂದು ವಾರ ಬರೀ ಹೊಟ್ಟೆ ಸವರಿದೆ. ಅದು ಅವಳಿಗೆ ಬಹಳ ಇಷ್ಟವಾಯಿತು. ಬಕಲ್ ಹಾಕಿದ ತಕ್ಷಣ ಮತ್ತೆ ಮೂಲೆ. ಹೀಗೆ ನಾಲ್ಕು ವಾರ ಹೋಯಿತು. ಶೆಲ್ಟರ್ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ತುಂಬಾ ನಾಚಿಕೆ ಸ್ವಭಾವ’ ಅಂತ ಬರೆದಿದ್ದಾರೆ. ನಾನೂ ಅದನ್ನೇ ನಂಬಿಕೊಂಡು ಕೂತಿದ್ದೆ.

ಗುಟ್ಟು ಬಿಟ್ಟುಕೊಟ್ಟಿದ್ದು ನನ್ನ ಹೆಲ್ಮೆಟ್. ಐದನೇ ವಾರ ಮಳೆ ಬರುತ್ತಿತ್ತು. ಗೇಟ್ ಹತ್ತಿರ ಬಿಚ್ಚುವ ಹೆಲ್ಮೆಟ್ಟನ್ನು ಅವತ್ತು ಕೆನಲ್ ಶೀಟಿನ ಕೆಳಗೆ ಬಂದು ಬಿಚ್ಚಿದೆ. ಟಕ್. ಬಾಗಿಲ ಹತ್ತಿರ ಬಾಲ ಆಡಿಸುತ್ತಾ ನಿಂತಿದ್ದವಳು ಮಾಯ. ಹಾರ್ನೆಸ್ ಬ್ಯಾಗಿನಲ್ಲೇ ಇತ್ತು. ನಾನು ಅವಳನ್ನು ಮುಟ್ಟಿರಲೇ ಇಲ್ಲ.

ಪಟ್ಟಿ ಅಲ್ಲ, ತಲೆ ಅಲ್ಲ, ಹೊಟ್ಟೆ ಅಲ್ಲ. ಆ ಸದ್ದು. ಯಾಕೆ ಅಂತ ಮೂಲಿಯೇ ಹೇಳಬೇಕು. ನಾನು ಕಥೆ ಕಟ್ಟಲ್ಲ.

ಸದ್ದೇ ಸಮಸ್ಯೆ ಅಂದ ಮೇಲೆ ಸುಲಭ ಅಂದುಕೊಂಡೆ. ಫೋನಿನಲ್ಲಿ ಬಕಲ್ ಸದ್ದು ರೆಕಾರ್ಡ್ ಮಾಡಿ ಊಟದ ಹೊತ್ತಿಗೆ ಸಣ್ಣಗೆ ಹಾಕೋದು, ದಿನಾ ಒಂಚೂರು ಜಾಸ್ತಿ ಮಾಡೋದು. ಪಟಾಕಿ ಸದ್ದಿಗೆ ನಾವೆಲ್ಲ ಮಾಡುವ ಹಾಗೆ. ಒಂದೇ ವಾರಕ್ಕೆ ಪೂರ್ತಿ ವಾಲ್ಯೂಮ್‌ಗೆ ಬಂದೆ, ಅವಳು ಮಲಗಿ ಗೊರಕೆ ಹೊಡೆಯುತ್ತಿದ್ದಳು. ಖುಷಿಯಲ್ಲಿ ನಿಜವಾದ ಬಕಲ್ ಒತ್ತಿದೆ. ಎದ್ದು ಓಟ.

ಆಮೇಲೆ ತಲೆಗೆ ಹೋಯಿತು. ನಮ್ಮ ಕಿವಿ 20 ಕಿಲೋಹರ್ಟ್ಜ್‌ಗೆ ನಿಲ್ಲುತ್ತದೆ, ನಾಯಿಯದ್ದು 45ರ ತನಕ ಹೋಗುತ್ತದೆ. ಫೋನ್ ಮಾಡಿರುವುದು ನಮ್ಮ ಕಿವಿಗೆ. ಮೇಲಿನ ಸದ್ದನ್ನು ಅದು ಹಿಡಿಯುವುದೂ ಇಲ್ಲ, ಸ್ಪೀಕರ್ ಉಗುಳುವುದೂ ಇಲ್ಲ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಬಡಿಯುವ ಚುರುಕು ಸದ್ದಿನಲ್ಲಿ ಅವಳಿಗೆ ಚುಚ್ಚುತ್ತಿದ್ದುದು ಪ್ರಾಯಶಃ ಆ ಮೇಲಿನ ಭಾಗವೇ. ನಾನು ಕೇಳಿಸುತ್ತಿದ್ದುದು ಬೇರೆಯೇ ಸದ್ದು.

ಸರಿ, ನಿಜವಾದ ಬಕಲ್ಲೇ ಬೇಕು. ಅದನ್ನು ಜೇಬಿನಲ್ಲಿಟ್ಟು, ಹನ್ನೆರಡು ಅಡಿ ದೂರ ಕೂತು, ಟಕ್ ಅನ್ನಿಸಿ ಲಿವರ್ ತುಂಡು ಎಸೆಯಲು ಶುರು ಮಾಡಿದೆ.

ಲಿವರ್ ಬಗ್ಗೆ ಒಂದು ಮಾತು. ನಮ್ಮ ಕೋಳಿ ಅಂಗಡಿಯವನಿಗೆ ಕಾಲು ಕೆಜಿ ಲಿವರ್ ಕೇಳಿದರೆ ಅರ್ಧ ಕಂದನಕಾಯಿ ಹಾಕುತ್ತಾನೆ. ಕೇಳಿದರೆ “ನಾಯಿಗೆ ತಾನೇ ಸಾರ್” ಅಂತಾನೆ. ಮೂಲಿ ಕಂದನಕಾಯಿ ಮೂಸಿ ಪಕ್ಕಕ್ಕೆ ಇಡುತ್ತಾಳೆ ಅಂದರೆ ನಂಬಲ್ಲ. ಬೇಯಿಸಿ, ಕಡಲೆಕಾಳಿನಷ್ಟು ಕತ್ತರಿಸಿ, ಕಾವಲಿ ಮೇಲೆ ಒಣಗಿಸಬೇಕು. ಜಾಸ್ತಿ ಕೊಟ್ಟರೆ ಮಾರನೇ ದಿನ ಅಕ್ಕನ ಕೈಯಲ್ಲಿ ಬೈಸಿಕೊಳ್ಳಬೇಕು. ಮನೆಯಲ್ಲಿ ಅಮ್ಮ ಆ ಕುಕ್ಕರ್ರನ್ನು ಬಚ್ಚಲುಮನೆಗೆ ಗಡೀಪಾರು ಮಾಡಿದ್ದಾರೆ.

ಎರಡು ವಾರ ಟಕ್, ಲಿವರ್. ಟಕ್, ಲಿವರ್. ಮೂಲಿ ಸುಧಾರಿಸಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು: ಲಿವರ್ ಡಬ್ಬಿ ನೋಡಿದರೇ ಮೂಲೆಗೆ ಹೋಗತೊಡಗಿದಳು. ನಾಯಿಗೆ ಲಿವರ್ ಮೇಲೆ ಭಯ ಹುಟ್ಟಿಸಿದ ಮೊದಲ ಮನುಷ್ಯ ನಾನೇ ಇರಬೇಕು. ಅವತ್ತು ಮನೆಗೆ ಬಂದು ಯಾರ ಹತ್ತಿರವೂ ಮಾತಾಡಲಿಲ್ಲ.

ವಿಡಿಯೋವನ್ನು ಇನ್ನೊಬ್ಬ ವಾಲಂಟಿಯರ್ ಗೆಳೆಯನಿಗೆ ಕಳಿಸಿದೆ. ಅವನು ಮೂರು ಸಲ ನೋಡಿ, “ನಿನ್ನ ಬಲಗೈ ನೋಡೋ” ಅಂದ. ನೋಡಿದೆ. ಪ್ರತಿ ಸಲವೂ ಬಲಗೈ ಮೊದಲು ಡಬ್ಬಿಗೆ ಹೋಗಿ ತುಂಡು ಹಿಡಿಯುತ್ತಿತ್ತು, ಆಮೇಲೆ ಎಡಗೈ ಟಕ್ ಅನ್ನುತ್ತಿತ್ತು. ಅರ್ಧ ಸೆಕೆಂಡಿನ ವ್ಯತ್ಯಾಸ. ನಾನು ಕಲಿಸಬೇಕಾಗಿದ್ದು ‘ಟಕ್ ಅಂದರೆ ಲಿವರ್ ಬರುತ್ತೆ’. ಅವಳು ಕಲಿತಿದ್ದು ‘ಇವನ ಕೈ ಡಬ್ಬಿಗೆ ಹೋದರೆ ಟಕ್ ಬರುತ್ತೆ’. ನಾಯಿಗಳ ಮೇಲೆ ಪ್ರಯೋಗ ಮಾಡಿದ ವಿಜ್ಞಾನಿ ಪಾವ್ಲೋವ್ ಗಂಟೆಯನ್ನು ಊಟಕ್ಕೆ ಮುಂಚೆ ಬಾರಿಸಿದ್ದು ಅಂತ ಹೈಸ್ಕೂಲಿನಲ್ಲಿ ಓದಿ ಐದು ಅಂಕ ತಗೊಂಡವನು ನಾನು.

ಎಲ್ಲ ಹೊಸದಾಗಿ ಶುರು. ಲಿವರ್ ಬಂದ್, ಬೇಯಿಸಿದ ಮೊಟ್ಟೆ. ಡಬ್ಬಿ ಬಂದ್, ಬಟ್ಟೆ ಚೀಲ, ಅದೂ ಬೆನ್ನ ಹಿಂದೆ. ಬಕಲ್ಲಿಗೆ ಮೂರು ಹಳೇ ಸಾಕ್ಸ್ ತೊಡಿಸಿದೆ. ಒಳಗಿಂದ ‘ಮುಕ್’ ಅಂತ ಮಾತ್ರ ಕೇಳುತ್ತದೆ. ಎರಡೂ ಕೈ ತೊಡೆ ಮೇಲೆ. ಮುಕ್. ಮನಸ್ಸಿನಲ್ಲಿ ‘ಒಂದು’ ಅಂತ ಎಣಿಸಿ, ಆಮೇಲೆ ಮಾತ್ರ ಕೈ ಹಿಂದಕ್ಕೆ. ಒಂದು ಸಲಕ್ಕೆ ಎಂಟೇ ಎಂಟು, ಒಂಬತ್ತನೆಯದು ಇಲ್ಲ. ಶನಿವಾರ, ಭಾನುವಾರ ನಾನು. ಬುಧವಾರ ಅಕ್ಕ. ಅಕ್ಕನ ಕೈ ಮೊದಲ ದಿನದಿಂದಲೂ ಸರಿಯಾಗಿತ್ತು, ಅದು ಬೇರೆ ಮಾತು.

ಅಷ್ಟರಲ್ಲಿ ದೀಪಾವಳಿ. ಪಕ್ಕದ ಲೇಔಟಿನವರು ನಾಲ್ಕು ದಿನ ಆಟಂಬಾಂಬ್ ಹೊಡೆದರು. ಮೂಲಿ ಎರಡು ದಿನ ನೀರೂ ಮುಟ್ಟಲಿಲ್ಲ. ಬಕಲ್ಲನ್ನು ಎರಡು ವಾರ ಮನೆಯಲ್ಲೇ ಬಿಟ್ಟು ಸುಮ್ನೆ ಹೋಗಿ ಅವಳ ಪಕ್ಕ ಕೂತು ಬಂದೆ.

ಆ ಎರಡು ವಾರ ಕೈ ಖಾಲಿ ಇತ್ತಲ್ಲ, ಪಕ್ಕದ ಕೆನಲ್‌ನ ಕರಿಯನ ಮೇಲೆ ಕಣ್ಣು ಬಿತ್ತು. ಅವನಿಗೆ ಭಯ ಗಿಯ ಏನಿಲ್ಲ, ಬಂದವರ ಮೇಲೆಲ್ಲ ಹತ್ತುತ್ತಾನೆ. ಅವನ ಸಮಸ್ಯೆ ಫೋಟೋ. ಕಪ್ಪು ನಾಯಿ, ಕತ್ತಲೆ ಕೆನಲ್: ಪೋಸ್ಟ್‌ನಲ್ಲಿ ಎರಡು ಕಣ್ಣು, ಒಂದು ನಾಲಿಗೆ ಮಾತ್ರ ಕಾಣುತ್ತದೆ. ಯೋಜನೆ ಇದು: ಮೋಡ ಇರುವ ಬೆಳಿಗ್ಗೆ ಹೊರಗೆ ತಂದು, ಹಿಂದೆ ಗೋಣಿಚೀಲ ಕಟ್ಟಿ, ಮುಖದ ಮೇಲೆ ಫೋಕಸ್ ಒತ್ತಿ, ಬೆಳಕು ಒಂದು ಗೆರೆ ಮೇಲಕ್ಕೆಳೆದು ತೆಗೆಯೋದು. ಫ್ಲ್ಯಾಶ್ ಹಾಕಿದರೆ ಕಣ್ಣು ಹಸಿರು ಬಲ್ಬ್ ಆಗುತ್ತೆ, ಬೇಡವೇ ಬೇಡ. ಗೋಣಿಚೀಲ ಸಿಕ್ಕಿದೆ. ಕರಿಯ ಅದನ್ನು ಆಗಲೇ ಅರ್ಧ ಹರಿದಿದ್ದಾನೆ. ಲಾಗ್ 7 ಅವನದ್ದೇ.

ನವೆಂಬರ್‌ನಲ್ಲಿ ವೇಗ ಬಂತು. ಮೂರು ಸಾಕ್ಸ್ ಎರಡಾಯಿತು, ಎರಡು ಒಂದಾಯಿತು. ದೂರ ಹನ್ನೆರಡು ಅಡಿಯಿಂದ ಎಂಟು, ನಾಲ್ಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿದೆ, ಸಾಕ್ಸ್ ತೆಗೆದ ದಿನ ಹತ್ತಿರ ಹೋಗಲಿಲ್ಲ. ಸಾಕ್ಸ್ ಇಲ್ಲದ ಮೊದಲ ಟಕ್‌ಗೆ ಎದ್ದು ನಿಂತಳು, ಓಡಲಿಲ್ಲ. ನಾಲಿಗೆಯಿಂದ ಮೂಗು ಸವರಿಕೊಂಡಳು, ಮೊಟ್ಟೆ ತಿಂದಳು, ಒಂದು ಸಲ ಮೈ ಕೊಡವಿದಳು. ಭಯವನ್ನೇ ಕೊಡವಿ ಹಾಕಿದ ಹಾಗಿದ್ದ ಆ ಕೊಡವುವಿಕೆ ನೋಡಿ ನನಗೆ ಜೀವ ಬಂತು.

ಭಾನುವಾರದ ಕಥೆ ಮೇಲೇ ಹೇಳಿದೆ. ಬಕಲ್ ಕೂತ ಮೇಲೆ ಕೆನಲ್ ಬಾಗಿಲಿಂದ ನೀರಿನ ತೊಟ್ಟಿ ತನಕ ನಡೆದು, ತೊಟ್ಟಿ ಮೂಸಿ, ವಾಪಸ್ ಬಂದೆವು. ಹಿಂಗಾಲು ಸ್ವಲ್ಪ ಕುಂಟುತ್ತದೆ. ವಿಡಿಯೋದಲ್ಲಿ ಅದು ಕಾಣಲಿ ಅಂತ ಬಿಟ್ಟಿದ್ದೇನೆ.

ಪೋಸ್ಟ್ ಹಾಕಿ ನಾಲ್ಕು ದಿನ, ಎರಡು ಫೋನ್. ಮೊದಲನೆಯವರು “ಮರಿ ಇಲ್ವಾ?” ಅಂದರು. ಎರಡನೆಯವರು “ಮುಧೋಳ ಮಿಕ್ಸಾ?” ಅಂದರು. 2005ರಲ್ಲಿ ಮುಧೋಳ ನಾಯಿಯ ಅಂಚೆಚೀಟಿ ಬಂದಿತ್ತು, ಅದು ಸಂತೋಷವೇ. ಆದರೆ ಕಾಲು ಉದ್ದ ಇರುವ ಪ್ರತಿ ಬೀದಿನಾಯಿಯೂ ಮುಧೋಳ ಮಿಕ್ಸ್ ಆಗಿದ್ದಿದ್ದರೆ ನಮ್ಮ ಕೆಲಸ ಎಂದೋ ಮುಗಿದಿರುತ್ತಿತ್ತು. ಇಲ್ಲ ಸಾರ್, ಬೀದಿ ಮಿಕ್ಸ್, ಅಂದೆ. ಯೋಚಿಸಿ ಹೇಳ್ತೀವಿ ಅಂದರು. ಶೆಲ್ಟರ್ ಪುಸ್ತಕದಲ್ಲಿ ‘ತುಂಬಾ ನಾಚಿಕೆ ಸ್ವಭಾವ’ ಹೊಡೆದುಹಾಕಿ ‘ಬಕಲ್ ಸದ್ದಿಗೆ ಹೆದರುತ್ತಿದ್ದಳು, ಈಗ ಕಡಿಮೆ, ಮೊಟ್ಟೆ ಇಟ್ಟುಕೊಂಡಿರಿ’ ಅಂತ ಬರೆಸಿದ್ದೇನೆ.

ಇವತ್ತು ಮಧ್ಯಾಹ್ನ ಶೆಲ್ಟರ್‌ನಲ್ಲಿದ್ದಾಗ ಕೊರಿಯರ್ ಹುಡುಗ ಬಂದ. ಕೆನಲ್ ಮುಂದೆ ನಿಂತು ಹೆಲ್ಮೆಟ್ ಬಿಚ್ಚಿದ. ಟಕ್. ನನ್ನ ಎದೆ ಧಸಕ್ ಅಂತು. ಮೂಲಿ ಮೂಲೆಯಿಂದ ಎದ್ದಳು, ನೇರ ಬಾಗಿಲಿಗೆ ಬಂದಳು, ಅವನ ಕೈ ನೋಡುತ್ತಾ ನಿಂತಳು. ಪಾಪ, ಅವನ ಹತ್ತಿರ ಮೊಟ್ಟೆ ಎಲ್ಲಿಂದ ಬರಬೇಕು? ನಾನೇ ಒಂದು ತುಂಡು ಅವನ ಕೈಗೆ ಕೊಟ್ಟೆ, ಜಾಲರಿಯಿಂದ ಹಾಕಿದ. ತಿಂದು ಇನ್ನೊಂದಕ್ಕೆ ಕಾದಳು.

ಅವನು ತಂದಿದ್ದ ಪಾರ್ಸಲ್ ಆ ಆನ್‌ಲೈನ್ ಮಹಾಶಯರ ಬದಲಿ ಹಾರ್ನೆಸ್. ಬಿಚ್ಚಿ ನೋಡಿದರೆ ಈ ಸಲ ನೀಲಿ. ಪಗ್ ಸೈಜು.