ಪದ್ಮಿನಿಗೆ ತಲೆಗೊಂದು ರಿಪೇರಿ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹತ್ತಿರತ್ತಿರ 60 ಕಿಲೋಮೀಟರ್. ಬಸ್ಸು ಹತ್ತಿದ್ದರೆ ಊಟದ ಹೊತ್ತಿಗೆ ಮೊದಲೇ ಮುಟ್ಟುತ್ತಿದ್ದೆವು. ಆದರೆ ತಮ್ಮ ಮಗಳ ಗೃಹಪ್ರವೇಶಕ್ಕೆ ಪ್ರೀಮಿಯರ್ ಪದ್ಮಿನಿ ಕಾರಿನಲ್ಲೇ ಹೋಗಬೇಕು ಅಂತ ಸೋದರಮಾವ ಹಠ ಹಿಡಿದಿದ್ದರು. 1980ರ ದಶಕದ ಗಾಡಿ. 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಹಿಡಿ. ಆರ್‌ಸಿಯಲ್ಲಿ ಹೆಸರು ಮಾವಂದು. ಓಡಿಸೋದು, ಒರೆಸೋದು, ಬೈಸಿಕೊಳ್ಳೋದು ನಾನು.

ಏಪ್ರಿಲ್ ಬಿಸಿಲು. ಆನಗೋಡು ದಾಟಿದ ಮೇಲೆ ಗಾಡಿಯ ಎಳೆತ ಹೋಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಮುಗ್ಗರಿಸಿತು, ಆಮೇಲೆ ಆಫ್. ಚೋಕ್ ಎಳೆದರೆ ನಾಲ್ಕು ಹೆಜ್ಜೆ ಹೋಗಿ ಮತ್ತೆ ನಿಂತಿತು.

ಹಳೇ ಕಾರಿನ ಬಾನೆಟ್ ಎತ್ತಿದರೆ ಸಾಕು, ಹೈವೇಯಲ್ಲಿ ಎಲ್ಲಿಂದಲೋ ಜನ ಬರುತ್ತಾರೆ. ಮೊದಲು ಬಂದವರು, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೋರೇಟರ್‌ನಲ್ಲಿ ಕಸ ಕೂತಿದೆ ಅಂದರು. ಮಾವ ಸ್ಪ್ಯಾನರ್ ತಗೊಂಡು ಅದಕ್ಕೆ ಟಕ್ ಟಕ್ ಅಂತ ಬಡಿದರು. ಸೆಲ್ಫ್ ಹೊಡೆದೆ, ಸ್ಟಾರ್ಟ್ ಆಯ್ತು! ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಆಗ ಮಾವನ ಅಭಿಪ್ರಾಯ ಬದಲಾಯಿತು. "ಬಿಸಿಲಿಗೆ ಪೆಟ್ರೋಲ್ ಆವಿಯಾಗೈತಿ ಕಣೋ, ಪಂಪ್ ಮೇಲೆ ಒದ್ದೆ ಬಟ್ಟೆ ಹಾಕು" ಅಂದರು. ಮಾತು ಸುಳ್ಳಲ್ಲ. ಪೈಪಿನಲ್ಲಿ ಪೆಟ್ರೋಲ್ ಆವಿಯಾದರೆ ಪಂಪ್‌ಗೆ ಎಳೆಯೋಕೆ ಆಗಲ್ಲ. ಹೆಗಲ ಮೇಲಿನ ಟವೆಲ್ಲನ್ನೇ ನೆನೆಸಿ ಸುತ್ತಿದರು. ಮತ್ತೆ ಸ್ಟಾರ್ಟ್ ಆಯ್ತು, ಮತ್ತೆ ನಿಂತಿತು. ಟೀ ಅಂಗಡಿಯ ಹುಡುಗ ನಿಂಬೆಹಣ್ಣು ಕಟ್ಟಿ ಅಂದ. ಕಟ್ಟಿದ್ದರೆ ಅದಕ್ಕೂ ಸ್ಟಾರ್ಟ್ ಆಗುತ್ತಿತ್ತು ಬಿಡಿ.

ಯಾಕಂದ್ರೆ ಬೇರೇನೂ ಮಾಡದೆ ಸುಮ್ನೆ ಸೆಲ್ಫ್ ಹೊಡೆಯುತ್ತಾ ಇದ್ದರೂ ಅದು ಸ್ಟಾರ್ಟ್ ಆಗುತ್ತಿತ್ತು. ಕಾರ್ಬೋರೇಟರ್ ಒಳಗೆ ಒಂದು ಪುಟ್ಟ ತೊಟ್ಟಿ ಇರುತ್ತದೆ, ಫ್ಲೋಟ್ ಚೇಂಬರ್. ಪೆಟ್ರೋಲ್ ಬರೋದು ಕಮ್ಮಿಯಾದರೆ ಓಡುವಾಗ ಅದು ಖಾಲಿಯಾಗುತ್ತದೆ. ನಾವು ಸೆಲ್ಫ್ ಹೊಡೆಯುತ್ತಾ ಇರುವಾಗ ಹನಿ ಹನಿಯಾಗಿ ತುಂಬುತ್ತದೆ. ಆ ಹೊತ್ತಿನಲ್ಲಿ ಯಾರು ಏನು ಮಾಡಿದರೋ ಅವರಿಗೆ ಹೆಸರು.

ಹಾಗೂ ಹೀಗೂ ಭರಮಸಾಗರ ಮುಟ್ಟಿದೆವು. ಅಲ್ಲೊಬ್ಬರು ವಯಸ್ಸಾದ ಗಾಡಿ ಮಿಸ್ತ್ರಿ ಸಿಕ್ಕರು. ಮಾವ ಕಾರ್ಬೋರೇಟರ್ ಬಿಚ್ಚಿ ಅಂದರೆ ಅವರು ಕೇಳಲೇ ಇಲ್ಲ. "ಪೆಟ್ರೋಲ್ ಬಂದು ಮುಟ್ಟತೈತೋ ಇಲ್ಲೋ ಮೊದ್ಲು ನೋಡೋಣ ತಡೀರಿ ಯಜಮಾನ್ರ" ಅಂದರು. ಕಿಡಿ ಹಾರಬಾರದು ಅಂತ ಕಾಯಿಲ್ ವೈರ್ ಕಿತ್ತರು. ಕಾರ್ಬೋರೇಟರ್‌ಗೆ ಹೋಗುವ ಪೈಪ್ ತೆಗೆದು ನೀರಿನ ಬಾಟಲಿಗೆ ಇಳಿಬಿಟ್ಟು, ನನಗೆ ಸೆಲ್ಫ್ ಹೊಡಿ ಅಂದರು. ಪಂಪ್ ಸರಿ ಇದ್ದರೆ ಪೆಟ್ರೋಲ್ ಚಿಳ್ ಚಿಳ್ ಅಂತ ಚಿಮ್ಮಬೇಕು. ಇಲ್ಲಿ ಬಂದಿದ್ದು ಬುರುಗು. ಗುಳ್ಳೆ ಗುಳ್ಳೆ, ನಡುವೆ ನಾಲ್ಕು ಹನಿ.

ಹಾಗಾದರೆ ಪಂಪೇ ಹೋಗಿದೆ ಅಂತ ನಾನಂದುಕೊಂಡೆ. ಇಂಜಿನ್ ಪಕ್ಕದಲ್ಲಿ ಕೂತಿರುವ ಇದನ್ನು ಹಳೇ ಮೆಕ್ಯಾನಿಕ್‌ಗಳು ಎಸಿ ಪಂಪ್ ಅಂತಾರೆ, ತಂಪು ಮಾಡೋ ಎಸಿ ಅಲ್ಲ. ಇಂಜಿನ್ ಒಳಗಿನ ಕ್ಯಾಮ್ ಶಾಫ್ಟ್ ಅನ್ನೋ ದಂಡ ತಿರುಗಿದಂತೆ ಒಂದು ಲಿವರ್ ಆಡುತ್ತದೆ, ಒಳಗಿನ ರಬ್ಬರ್ ಡಯಾಫ್ರಮ್, ಅಂದರೆ ತೆಳು ಪೊರೆ, ಮೇಲೆ ಕೆಳಗೆ ಆಗುತ್ತದೆ, ಪೆಟ್ರೋಲ್ ಎಳೆದು ತಳ್ಳುತ್ತದೆ. ಮಿಸ್ತ್ರಿ ಇಂಜಿನ್ ಆಯಿಲ್ ಅಳೆಯೋ ಡಿಪ್ ಸ್ಟಿಕ್ ಎಳೆದು ಮೂಗಿಗೆ ಹಿಡಿದರು. ಡಯಾಫ್ರಮ್ ಹರಿದಿದ್ದರೆ ಪೆಟ್ರೋಲ್ ಇಂಜಿನ್ ಆಯಿಲ್‌ಗೆ ಇಳಿದು ವಾಸನೆ ಬರುತ್ತದಂತೆ. ಬರಲಿಲ್ಲ. ಆಮೇಲೆ ಮಾಡಿದ್ದೇ ನನಗೆ ಭಾರೀ ಇಷ್ಟವಾಗಿದ್ದು. ಟ್ಯಾಂಕಿನಿಂದ ಬರುವ ಪೈಪನ್ನೇ ಪಂಪ್‌ನಿಂದ ಕಳಚಿದರು. ಅದರ ಜಾಗಕ್ಕೆ ಹೊಸ ರಬ್ಬರ್ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಪೆಟ್ರೋಲ್ ತುಂಬಿದ ಬಾಟಲಿಯಲ್ಲಿ ಅದ್ದಿದರು. ಸೆಲ್ಫ್ ಹೊಡೆದೆ. ಗುಳ್ಳೆ ಮಾಯ, ಪೆಟ್ರೋಲ್ ಜೋರಾಗಿ ಚಿಮ್ಮಿತು. ಅಲ್ಲಿಗೆ ಪಂಪ್ ನಿರಪರಾಧಿ. ತಪ್ಪು ಅದರ ಹಿಂದೆ.

ಪಂಪ್ ಹತ್ತಿರ ಕಬ್ಬಿಣದ ಪೈಪಿಗೂ ಪಂಪ್‌ಗೂ ನಡುವೆ ಗೇಣುದ್ದದ ರಬ್ಬರ್ ತುಂಡು ಇತ್ತು. ಅದನ್ನು ಬಗ್ಗಿಸಿ ತೋರಿಸಿದರು. ಕ್ಲಿಪ್ಪಿನ ಅಂಚಿನಲ್ಲಿ, ಕೆಳಮುಖದಲ್ಲಿ, ಉಗುರು ಗೀರಿದಂಥ ಬಿರುಕು. ಹೊರಗೆ ಒಂದು ಹನಿಯೂ ಸೋರಿರಲಿಲ್ಲ. ಸೋರುವುದೂ ಇಲ್ಲ. ಟ್ಯಾಂಕ್ ಇರೋದು ಹಿಂದೆ, ಪಂಪ್ ಇರೋದು ಮುಂದೆ. ಆ ಪೈಪಿನಲ್ಲಿ ಪಂಪ್ ಪೆಟ್ರೋಲನ್ನು ಎಳೆಯುತ್ತದೆಯೇ ಹೊರತು ತಳ್ಳುವುದಿಲ್ಲ. ಹಾಗಾಗಿ ಬಿರುಕು ಬಿಟ್ಟರೆ ಒಳಗೆ ಗಾಳಿ ಹೋಗುತ್ತದೆ. ಗಾಡಿ ನಿಂತಾಗ ಪೈಪಿನಲ್ಲಿದ್ದ ಪೆಟ್ರೋಲ್ ವಾಪಸ್ ಟ್ಯಾಂಕಿಗೆ ಜಾರುತ್ತದೆ. ಈಚೆಗೆ ಬೆಳಿಗ್ಗೆ ಹೊತ್ತು ಜಾಸ್ತಿ ಸೆಲ್ಫ್ ಹೊಡೆಯಬೇಕಾಗಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಪಾಪ, ಹೊಸ ಬ್ಯಾಟರಿ ಹಾಕಿಸಬೇಕು ಅಂತ ಮಾವ ದುಡ್ಡು ಎತ್ತಿಟ್ಟಿದ್ದರು.

ರಬ್ಬರ್‌ಗೆ ವಯಸ್ಸಂತೂ ಆಗಿತ್ತು. ಅದರ ಜೊತೆ 2023ರಿಂದ ಬಂಕ್‌ಗಳಿಗೆ ಬರತೊಡಗಿದ 20 ಪರ್ಸೆಂಟ್ ಎಥೆನಾಲ್ ಪೆಟ್ರೋಲ್ ಬೇರೆ. ಆ ಕಾಲದ ರಬ್ಬರ್, ಡಯಾಫ್ರಮ್ ಇದಕ್ಕಂತ ಮಾಡಿದ್ದಲ್ಲ. ಎಥೆನಾಲ್ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಎಥೆನಾಲ್ ತಡೆಯುವ ಪೈಪೇ ಬೇಕು ಅಂತ ಕೇಳಿ ಹಾಕಿಸುವುದು ಒಳ್ಳೆಯದು.

ಹೊಸ ತುಂಡು ಹಾಕಿದ ಮೇಲೆ ಗಾಡಿ ಚಿತ್ರದುರ್ಗದವರೆಗೂ ಉಸಿರೆತ್ತಲಿಲ್ಲ. ಹೋಳಿಗೆ ಖಾಲಿಯಾಗಿತ್ತು, ಅನ್ನ ಸಾರು ಸಿಕ್ಕಿತು. ಬಡಿಸುವವರಿಗೆಲ್ಲ ಮಾವ ಟವೆಲ್ ಕಥೆ ಹೇಳುತ್ತಿದ್ದರು.

ಮುಂದಿನ ವಾರ ಮಿಸ್ತ್ರಿಯ ಹತ್ತಿರವೇ ಕಾರ್ಬೋರೇಟರ್ ಬಿಚ್ಚಿಸಿದೆ. ತೊಟ್ಟಿಯ ತಳದಲ್ಲಿ ಬಿಳಿ ಪುಡಿ, ಸ್ವಲ್ಪ ತುಕ್ಕು. ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು, ಅಂದರೆ ಜೆಟ್ಟನ್ನು, ಬಾಯಿಂದ ಊದಿಯೇ ಸ್ವಚ್ಛ ಮಾಡಿದರು. ತಂತಿ ತೂರಿಸಿದರೆ ಹಿತ್ತಾಳೆಯ ತೂತು ದೊಡ್ಡದಾಗಿ ಮೈಲೇಜ್ ಹೋಗುತ್ತದೆ ಅಂದರು. ತುಕ್ಕು ಬಂದಿದ್ದು ಟ್ಯಾಂಕಿನಿಂದ. ಅದನ್ನು ಇಳಿಸಿ ತೊಳೆಯೋದು ಬಾಕಿ ಇದೆ, ಮಳೆ ಹಿಡಿಯೋದ್ರೊಳಗೆ ತರ್ರಿ ಅಂದಿದ್ದಾರೆ.