ಕ್ರಾಸ್ಟರ್‌ನ ಹೊಗೆಮನೆ

ಬಸ್ಸಿನಿಂದ ಇಳಿದು ಬಂದರಿನ ಕಡೆ ನಡೆಯುವಾಗ ಒಂದು ಕ್ಷಣ ಗಾಬರಿಯಾಯಿತು. ಎದುರಿನ ಕಲ್ಲುಕಟ್ಟಡದ ಮಾಡಿನಿಂದ ಹೊಗೆ ಏಳುತ್ತಿತ್ತು. ಚಿಮಣಿಯಿಂದಲ್ಲ, ಮಾಡಿನ ಮೇಲಿನ ಮರದ ಪಟ್ಟಿಗಳ ಸಂದಿಯಿಂದ. ದಾರಿಯಲ್ಲಿದ್ದವರು ಯಾರೂ ತಲೆಯೆತ್ತಿಯೂ ನೋಡಲಿಲ್ಲ. 1856ರಲ್ಲಿ ಕಟ್ಟಿದ ಮನೆ ಅದು, ಕಟ್ಟಿದ್ದೇ ಹೊಗೆಗಾಗಿ.

ಕ್ರಾಸ್ಟರ್ ಇಂಗ್ಲೆಂಡಿನ ಈಶಾನ್ಯಕ್ಕೆ, ನಾರ್ತಂಬರ್‌ಲ್ಯಾಂಡ್ ಕರಾವಳಿಯ ಪುಟ್ಟ ಹಳ್ಳಿ. ಇಲ್ಲಿ ರಾಬ್ಸನ್ ಮನೆತನದವರು ನಾಲ್ಕು ತಲೆಮಾರಿನಿಂದ ಕಿಪ್ಪರ್ ಮಾಡುತ್ತಿದ್ದಾರೆ. ಕಿಪ್ಪರ್ ಅಂದರೆ ಹೊಗೆ ಹಿಡಿಸಿದ ಹೆರಿಂಗ್ ಮೀನು. ಹೆರಿಂಗ್ ನೋಡಲು ನಮ್ಮ ಬೂತಾಯಿಯ ದೊಡ್ಡಣ್ಣನ ಹಾಗಿದೆ.

ಬಾಗಿಲು ತೆರೆದಿತ್ತು. ಹೊರಗೆ ನಿಂತೇ ನೋಡಿದೆ. ಒಳಗೆ ಕಗ್ಗತ್ತಲು. ಅಜ್ಜಿಮನೆಯಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಇಲ್ಲಣ ಕಟ್ಟುತ್ತಿತ್ತಲ್ಲ, ಹಾಗೆ. ಆದರೆ ಇಲ್ಲಿ ಗೋಡೆಗೆ ಡಾಂಬರಿನಂತೆ ದಪ್ಪಗೆ ಮೆತ್ತಿಕೊಂಡು ಮಿರಮಿರ ಮಿನುಗುತ್ತಿತ್ತು. ಮೀನನ್ನು ಬೆನ್ನಿನ ಕಡೆಯಿಂದ ಸೀಳಿ, ಉಪ್ಪುನೀರಿನಲ್ಲಿ ನೆನೆಸಿ, ಕೊಕ್ಕೆಗೆ ಸಿಕ್ಕಿಸಿ, ಸಾಲು ಸಾಲಾಗಿ ಮಾಡಿನವರೆಗೂ ತೂಗುಹಾಕುತ್ತಾರೆ. ಕೆಳಗೆ ನೆಲದ ಮೇಲೆ ಓಕ್ ಮರದ ಹೊಟ್ಟಿನ ಸಣ್ಣ ಸಣ್ಣ ಗುಡ್ಡೆಗಳು. ಅವು ಉರಿಯಬಾರದು, ಸುಮ್ನೆ ಹೊಗೆಯಾಡುತ್ತಿರಬೇಕು. ಹದಕ್ಕೆ ಬರಲು ಹದಿನಾರು ಗಂಟೆಯವರೆಗೂ ಬೇಕು. ಹೊಗೆ ಮೇಲೇರುತ್ತಾ ತಣ್ಣಗಾಗುವುದರಿಂದ ಮೀನು ಬೇಯುವುದಿಲ್ಲ. ಇಷ್ಟು ಎತ್ತರದ ಕಟ್ಟಡ ಯಾಕೆ ಅಂತ ಆಗ ಹೊಳೆಯಿತು. ನಮ್ಮ ಕಡೆ ಉಪ್ಪು ಹಚ್ಚಿ ಬಿಸಿಲಿಗೆ ಹರಡಿದರೆ ಸಾಕು. ಈ ಮೋಡ ಕವಿದ ತೀರದಲ್ಲಿ ಬಿಸಿಲನ್ನು ನಂಬಿ ಕೂರಲು ಆಗುತ್ತದೆಯೇ?

ಮೀನು ಸೀಳುವ ಕೆಲಸ ಈಗ ಯಂತ್ರದ್ದು. ಮೊದಲು ಹೆಣ್ಣುಮಕ್ಕಳೇ ಸೀಳುತ್ತಿದ್ದರು. ಹೆರಿಂಗ್ ಗುಂಪುಗಳ ಹಿಂದೆ ಬಂದರಿನಿಂದ ಬಂದರಿಗೆ ಅಲೆಯುತ್ತಿದ್ದ ಈ ಕೂಲಿ ಹೆಂಗಸರು ಚಾಕು ತಾಗದಿರಲೆಂದು ಬೆರಳುಗಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಗಾಯಕ್ಕೆ ಉಪ್ಪು ಬಿದ್ದರೆ ಹೇಗಿರುತ್ತದೆ, ಯೋಚಿಸಿ. ಮನೆತನದ ಹೆಸರು ಫಲಕದ ಮೇಲಿದೆ. ಅವರ ಹೆಸರೂ ಎಲ್ಲಾದರೂ ಇರಬೇಕಿತ್ತು ಅನ್ನಿಸಿ ಮನಸ್ಸು ಭಾರವಾಯಿತು.

ಮೀನೂ ಈಗ ಇಲ್ಲಿನದಲ್ಲ. ಜಾಸ್ತಿ ಹಿಡಿದು ಹಿಡಿದು ಹೆರಿಂಗ್ ಸಂತತಿಯೇ ಕುಸಿದು, 1977ರಲ್ಲಿ ಉತ್ತರ ಸಮುದ್ರದಲ್ಲಿ ಅದನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಈ ಹೊಗೆಮನೆಗೆ ಈಗ ನಾರ್ವೆಯಿಂದ ಮೀನು ಬರುತ್ತದೆ.

ಅಂಗಡಿಯಲ್ಲಿ ಒಂದು ಜೋಡಿ ಕಿಪ್ಪರ್ ಕೊಂಡೆ. ಬೆಣ್ಣೆ ಹಾಕಿ ಬಿಸಿ ಮಾಡಿ, ಬ್ರೆಡ್ಡಿನ ಜೊತೆ ತಿಂದೆ. ಮೊದಲು ಉಪ್ಪು, ಆಮೇಲೆ ಎಣ್ಣೆಯ ಜಿಡ್ಡು, ನುಂಗಿದ ಮೇಲೂ ಬಹಳ ಹೊತ್ತು ಉಳಿಯುವ ಹೊಗೆ. ಮಾರನೆಯ ದಿನ ಡನ್‌ಸ್ಟನ್‌ಬರಾ ಕೋಟೆಯವರೆಗೆ ದಂಡೆಯಲ್ಲಿ ನಡೆದೆ. ಜೋರು ಕಡಲಗಾಳಿ. ಆದರೂ ಶಾಲಿನಲ್ಲಿ ಅದೇ ವಾಸನೆ.