ಕ್ವಾಡ್ ಬೈಕ್ ವೀಲಿ: ಇಳಿಸುವುದು ಮೊದಲು ಕಲಿಯಿರಿ, ಎತ್ತುವುದು ಆಮೇಲೆ

ಶಾರ್ಜಾದ ಅಲ್ ಬದಾಯರ್ ಮರಳುಗಾಡಿನಲ್ಲಿ ನಾನು ಕ್ವಾಡ್ ಬೈಕ್, ಅಂದರೆ ನಾಲ್ಕು ಚಕ್ರದ ಬೈಕ್ ಗೈಡ್. ದುಬೈನಿಂದ ಹತ್ತಾ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ‘ಬಿಗ್ ರೆಡ್’ ದಿಬ್ಬದ ಸುತ್ತಮುತ್ತಲೇ ನಮ್ಮ ಕೆಲಸ. ಚಳಿಗಾಲ ಬಂತೆಂದರೆ ಊರ ಕಡೆಯವರೂ ಜಾಸ್ತಿ ಬರುತ್ತಾರೆ. ನನಗೆ ಕನ್ನಡ ಬರುತ್ತದೆ ಅಂತ ಗೊತ್ತಾದ ಕೂಡಲೇ ಹುಡುಗರು ಕೇಳುವುದು ಒಂದೇ, ಮುಂದಿನ ಚಕ್ರ ಗಾಳಿಗೆತ್ತಿ ಓಡಿಸುವ ವೀಲಿ ಬಗ್ಗೆ: “ಅಣ್ಣಾ, ಇದ್ರಲ್ಲಿ ವೀಲಿ ಹೊಡೀಬಹುದಾ?”

ಹೊಡೆಯಬಹುದು. ನೀವು ಬೇಡ ಅಂದರೂ ಅದೇ ಹೊಡೆದುಬಿಡುತ್ತದೆ, ತೊಂದರೆ ಇರುವುದೇ ಅಲ್ಲಿ. ನಾವು ಓಡಿಸುವುದು ಯಮಹಾ ರ‍್ಯಾಪ್ಟರ್ 700. 686 ಸಿಸಿಯ ಒಂದೇ ಸಿಲಿಂಡರ್, ಐದು ಗೇರು, ಒಂದು ರಿವರ್ಸ್. ತೂಕ 190 ಕಿಲೋ ಆಸುಪಾಸು. ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ 1.28 ಮೀಟರ್ ಅಷ್ಟೇ. ಅಂದರೆ ಉದ್ದದಲ್ಲಿ ಆಕ್ಟಿವಾ ಸ್ಕೂಟರಿನ ಲೆಕ್ಕ, ಇಂಜಿನ್ ಮಾತ್ರ ಅದರ ಆರು ಪಟ್ಟು. ಮರಳಿಗೆಂದು ಹಿಂದೆ ಅಡ್ಡಪಟ್ಟಿಗಳಿರುವ ಪ್ಯಾಡಲ್ ಟೈರ್ ಹಾಕಿದರೆ ಹಿಡಿತ ಇನ್ನೂ ಜಾಸ್ತಿ. ಹೆಬ್ಬೆರಳಿನಿಂದ ಥ್ರಾಟಲ್ ಒತ್ತಿದ್ದೇ ತಡ, ಮೂತಿ ಮೇಲೆ.

ಹೊಸದಾಗಿ ಕೆಲಸಕ್ಕೆ ಸೇರುವ ಗೈಡ್‌ಗಳಿಗೆ ಇದನ್ನು ಹದಕ್ಕೆ ತರುವುದು ಹೇಗೆಂದು ಕಲಿಸುವುದು ಈಗ ನನ್ನ ಪಾಲಿನ ಕೆಲಸ. ಶೋಕಿಗೆ ಕಲಿಸುವುದಲ್ಲ. ದಿಬ್ಬದ ತುದಿಯಲ್ಲಿ, ಉಬ್ಬಿನ ಮೇಲೆ, ಗೇರ್ ಬದಲಿಸುವಾಗ ಮುಂದಿನ ಚಕ್ರ ತಾನಾಗಿಯೇ ಏಳುತ್ತದೆ. ಎದ್ದ ಮೂತಿಯನ್ನು ಗಾಬರಿಯಾಗದೆ ಇಳಿಸಲು ಬಾರದವನ ಹಿಂದೆ ಅತಿಥಿಗಳನ್ನು ಕಳಿಸುವುದಾದರೂ ಹೇಗೆ?

ವೀಲಿ ಅಂದರೆ ಎಲ್ಲರೂ ಹೆಬ್ಬೆರಳನ್ನೇ ನೋಡುತ್ತಾರೆ. ಕೆಲಸ ಇರುವುದು ಬಲಗಾಲಿನಲ್ಲಿ. ಇಂಜಿನ್ ಹಿಂದಿನ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಗಾಡಿಯ ಮೈ ಹಿಂದಕ್ಕೆ ಏಳಲು ನೋಡುತ್ತದೆ. ಹಿಂದಿನ ಬ್ರೇಕ್ ಒತ್ತಿದರೆ ಅದರ ಉಲ್ಟಾ, ಮೈ ಮುಂದಕ್ಕೆ ಬೀಳುತ್ತದೆ. ಬಲಗೈಯ ಲಿವರ್ ಇರುವುದು ಮುಂದಿನ ಬ್ರೇಕಿಗೆ. ಮುಂದಿನ ಚಕ್ರ ಗಾಳಿಯಲ್ಲಿದ್ದಾಗ ಅದನ್ನು ಎಷ್ಟು ಹಿಂಡಿದರೂ ಪ್ರಯೋಜನ ಇಲ್ಲ. ಹೆಬ್ಬೆರಳು ಸಡಿಲಿಸಿದರೂ ಮೂತಿ ಇಳಿಯುತ್ತದೆ, ನಿಜ. ಆದರೆ ಹಿಂದಕ್ಕೆ ತೀರಾ ವಾಲಿದ ಮೇಲೆ ಅದಕ್ಕೆ ಟೈಮ್ ಇರುವುದಿಲ್ಲ. ಕಾಲು ತಟ್ಟಿದರೆ ತಕ್ಷಣ ಇಳಿಯುತ್ತದೆ.

ಇದನ್ನು ಬಾಯಲ್ಲಿ ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಕಾಲಿಗೆ ಗೊತ್ತಾಗಬೇಕಲ್ವಾ? ಅದಕ್ಕೇ ಇಂಜಿನ್ ಆಫ್ ಮಾಡಿ ಶುರು ಮಾಡುತ್ತೇವೆ. ಕಲಿಯುವವನು ಸೀಟಿನ ಮೇಲೆ ಕೂತಿರುತ್ತಾನೆ. ಪಾದದ ನಡುಭಾಗ ಫುಟ್‌ಪೆಗ್ ಮೇಲೆ, ಬೆರಳ ತುದಿ ಬ್ರೇಕ್ ಪೆಡಲ್‌ಗೆ ಸುಮ್ನೆ ತಾಗುವ ಹಾಗೆ. ನಾನೂ ಇನ್ನೊಬ್ಬನೂ ಮುಂದಿನ ಬಂಪರ್ ಹಿಡಿದು ಗಾಡಿಯನ್ನು ಒಂದು ಮೊಳ ಎತ್ತುತ್ತೇವೆ. ಆಗ ಮಜಾ ನೋಡಿ. ಮೈ ಹಿಂದಕ್ಕೆ ಜಾರುತ್ತದೆ, ಮೊಣಕಾಲು ತೆರೆದುಕೊಳ್ಳುತ್ತದೆ, ಬೂಟಿನ ತುದಿ ಪೆಡಲ್ ಬಿಟ್ಟು ಮೇಲೆ ಬಂದಿರುತ್ತದೆ. ಕೂತವನಿಗೆ ಗೊತ್ತೇ ಆಗಿರುವುದಿಲ್ಲ. “ಬ್ರೇಕ್ ಒತ್ತು” ಅಂದರೆ ಕಾಲು ಗಾಳಿಯಲ್ಲಿ ಹುಡುಕುತ್ತದೆ. ಪೆಡಲ್ ಎತ್ತರವನ್ನು ಅವನ ಬೂಟಿಗೆ ಸರಿಹೊಂದಿಸಿ ಮತ್ತೆ ಎತ್ತುತ್ತೇವೆ. ಕಾಲು ತಾನಾಗಿ ಪೆಡಲ್ ಮೇಲೇ ಉಳಿಯುವವರೆಗೆ ಕೀ ನನ್ನ ಜೇಬಿನಲ್ಲೇ.

ಇಲ್ಲಿ ಊರಿನ ಅಭ್ಯಾಸ ಕಾಡುತ್ತದೆ. ಬುಲೆಟ್, ಪಲ್ಸರ್ ಓಡಿಸಿದವರಿಗೆ ಬಲಗಾಲಿನ ಬ್ರೇಕ್ ರಕ್ತದಲ್ಲೇ ಇರುತ್ತದೆ, ಬೇಗ ಹಿಡಿಯುತ್ತಾರೆ. ಬರೀ ಗೇರಿಲ್ಲದ ಸ್ಕೂಟರ್ ಓಡಿಸಿದವರು ಹೆದರಿದಾಗ ಎರಡೂ ಕೈ ಹಿಂಡುತ್ತಾರೆ. ಎಡಗೈಯಲ್ಲಿ ಇರುವುದು ಕ್ಲಚ್. ಅದನ್ನು ಹಿಡಿದರೂ ಮೂತಿ ಇಳಿಯುತ್ತದೆ, ಆದರೆ ಹೆಬ್ಬೆರಳು ಒತ್ತಿಯೇ ಇರುವುದರಿಂದ ಇಂಜಿನ್ ಕಿರುಚಿಕೊಳ್ಳುತ್ತದೆ. ಆ ಸದ್ದಿಗೆ ಬೆಚ್ಚಿ ಕ್ಲಚ್ ಬಿಟ್ಟರೆ ಮತ್ತೆ ಮೇಲೆ, ಈ ಸಲ ಇನ್ನೂ ಜೋರಾಗಿ. ಬಲಗಡೆ ಗೇರ್ ಇದ್ದ ಹಳೇ ಬುಲೆಟ್ಟಿನಲ್ಲಿ ಕಲಿತ ಹಿರಿಯರು ಬಂದರಂತೂ ಎಡಗಾಲು ಬ್ರೇಕ್ ಹುಡುಕುತ್ತದೆ. ಅವರಿಗೆ, “ಸಾರ್, ಇವತ್ತು ಸುಮ್ನೆ ಮರಳು ನೋಡ್ಕೊಂಡು ಬರೋಣ” ಅಂತ ಪ್ರೀತಿಯಿಂದ ಹೇಳಿಬಿಡುತ್ತೇನೆ.

ಓಡಿಸುವ ಪಾಠ ಸಮತಟ್ಟು ಜಾಗದಲ್ಲಿ, ಗಟ್ಟಿ ಮರಳಿನ ಮೇಲೆ. ಬೆಳಿಗ್ಗೆ ಮರಳು ಬಿಗಿಯಾಗಿರುತ್ತದೆ, ಬಿಸಿಲೇರಿದಂತೆ ಸಡಿಲ. ಎರಡನೇ ಗೇರ್, ನಿಧಾನ ವೇಗ. ಮೊದಲ ಗೇರ್ ತುಂಬಾ ಜರ್ಕ್ ಹೊಡೆಯುತ್ತದೆ. ಮೈಯನ್ನು ಸ್ವಲ್ಪ ಹಿಂದಕ್ಕೆ ಹಾಕಿ ಹೆಬ್ಬೆರಳು ಒತ್ತಿದರೆ ಮುಂದಿನ ಚಕ್ರ ಒಂದು ಗೇಣು ಏಳುತ್ತದೆ. ಕೂಡಲೇ ಬ್ರೇಕ್ ತಟ್ಟಿ ಇಳಿಸಬೇಕು. ಅಷ್ಟೇ. ಎತ್ತು, ತಟ್ಟು, ಎತ್ತು, ತಟ್ಟು. ಎಲ್ಲರಿಗೂ ಇದು ಬೇಜಾರು. ಬೇಜಾರಾಗುವವರೆಗೂ ಮಾಡಿಸುವುದೇ ನನ್ನ ಪದ್ಧತಿ. ಜೋರಾಗಿ ಒದ್ದರೆ ಮೂತಿ ದಢಾರನೆ ಬೀಳುತ್ತದೆ, ಹ್ಯಾಂಡಲ್ ಎದೆಗೆ ಬಡಿಯುತ್ತದೆ. ಒಂದೆರಡು ಸಲ ಬಡಿಸಿಕೊಂಡ ಮೇಲೆ ಕಾಲು ಮೆತ್ತಗಾಗುತ್ತದೆ.

ಎತ್ತರ ಆಮೇಲೆ ತಾನಾಗಿ ಬರುತ್ತದೆ. ಮೂತಿ ಮೇಲೇರುತ್ತಾ ಹೋದಂತೆ ಒಂದು ಹಂತದಲ್ಲಿ ಗಾಡಿ ಹಗುರ ಅನ್ನಿಸುತ್ತದೆ, ಹೆಬ್ಬೆರಳಿಗೆ ಕೆಲಸವೇ ಇರುವುದಿಲ್ಲ. ತಕ್ಕಡಿಯ ಮುಳ್ಳು ನಡುವೆ ನಿಂತ ಹಾಗೆ. ಅಲ್ಲಿಂದ ಮುಂದೆ ಪೂರ್ತಿ ಬಲಗಾಲಿನ ಆಟ. ಹಿಂದಿನ ಗ್ರ್ಯಾಬ್ ಬಾರ್ ಮರಳು ಕೆರೆಯಿತೆಂದರೆ ನೀವು ಆ ಜಾಗ ದಾಟಿದ್ದೀರಿ. ಅಷ್ಟು ಹೋದಮೇಲೆ ಹ್ಯಾಂಡಲ್‌ಗೆ ಜೋತುಬೀಳಬಾರದು. ಬಿಟ್ಟು, ಹಿಂದಕ್ಕೆ ಇಳಿದು, ಪಕ್ಕಕ್ಕೆ ಸರಿಯಬೇಕು. ಮಣಿಕಟ್ಟಿಗೆ ಕಟ್ಟಿದ ಕಿಲ್ ಸ್ವಿಚ್ ಹಗ್ಗ ಇಂಜಿನ್ ನಿಲ್ಲಿಸುತ್ತದೆ. ಹಗ್ಗ ಕಟ್ಟದವನಿಗೆ ನಾನು ಪಾಠ ಮಾಡುವುದಿಲ್ಲ.

ಬೈಕಿನವರಿಗೆ ಇನ್ನೊಂದು ಎಚ್ಚರಿಕೆ. ಹೆದರಿಕೆಯಾದರೆ ಕಾಲು ನೆಲಕ್ಕೆ ಕೊಡುವ ಅಭ್ಯಾಸ ನಮಗೆಲ್ಲ ಇದೆ. ಕ್ವಾಡ್‌ನಲ್ಲಿ ಪೆಗ್‌ನ ಹಿಂದೆಯೇ ಅಗಲವಾದ ಟೈರ್ ತಿರುಗುತ್ತಿರುತ್ತದೆ. ಕಾಲು ಕೆಳಗಿಟ್ಟರೆ ಅದು ಹಿಮ್ಮಡಿ ಹತ್ತಿ ಮೀನಖಂಡದ ಮೇಲೆ ಬರುತ್ತದೆ. ಪಕ್ಕದಲ್ಲಿ ನರ್ಫ್ ಬಾರ್ ಅನ್ನುವ ಲೋಹದ ಸರಳು, ಅದಕ್ಕೆ ಬಲೆ ಹಾಕುವುದು ಇದಕ್ಕೇ. ಕಾಲು ಸದಾ ಪೆಗ್ ಮೇಲೆ.

ನಾಲ್ಕು ಚಕ್ರ, ಪಕ್ಕಕ್ಕೆ ಬೀಳುವುದಿಲ್ಲ, ಸುಲಭ ಅನ್ನಿಸುತ್ತದೆ. ಆದರೆ ಮುಂದಿನ ಚಕ್ರ ಗಾಳಿಯಲ್ಲಿದ್ದಾಗ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಮೈ ಭಾರದಿಂದಲೇ ತಿರುಗಿಸಬೇಕು. ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್ ಮೇಲೆ ಇರುತ್ತವೆ, ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಎಡಕ್ಕೆ ಭಾರ ಹಾಕಿದರೆ ಎಡ ಟೈರ್ ಅದುಮಿ ಚಿಕ್ಕದಾಗುತ್ತದೆ, ಗಾಡಿ ಎಡಕ್ಕೆ ಎಳೆಯುತ್ತದೆ. ಇದೇ ಕಾರಣಕ್ಕೆ, “ಯಾಕೋ ವೀಲಿ ಹೊಡೆದಾಗೆಲ್ಲ ಬಲಕ್ಕೇ ಹೋಗ್ತಿದೆ” ಅಂತ ಯಾರಾದರೂ ಗೊಣಗಿದರೆ ನಾನು ಮೊದಲು ಟೈರಿನ ಗಾಳಿ ನೋಡುತ್ತೇನೆ, ಆಮೇಲೆ ಟೇಪ್ ತಂದು ಎರಡೂ ಟೈರಿನ ಸುತ್ತಳತೆ ಅಳೆಯುತ್ತೇನೆ. ಗಾಳಿಯ ಒತ್ತಡ ನಾಲ್ಕೈದು ಪಿಎಸ್‌ಐ ಮಾತ್ರ ಇರುವ ಟೈರಿನಲ್ಲಿ ಒಂದು ಪಿಎಸ್‌ಐ ವ್ಯತ್ಯಾಸವೂ ದೊಡ್ಡದೇ. ಎಷ್ಟೋ ಸಲ ಸವಾರನ ತಪ್ಪು ಅಂದುಕೊಂಡಿದ್ದು ಪಂಪಿನ ತಪ್ಪಾಗಿರುತ್ತದೆ.

ಸಮತಟ್ಟಿನಲ್ಲಿ ಕಲಿತದ್ದನ್ನು ಏರಿನಲ್ಲಿ ಹಾಗೇ ಮಾಡಬಾರದು, ಇದನ್ನು ಪ್ರತಿ ಹೊಸಬನಿಗೂ ಒತ್ತಿ ಹೇಳುತ್ತೇನೆ. ದಿಬ್ಬ ಹತ್ತುವಾಗ ಮೂತಿ ಎದ್ದರೆ ಎದೆಯನ್ನು ಹ್ಯಾಂಡಲ್ ಮೇಲೆ ಹಾಕಿ, ಹೆಬ್ಬೆರಳು ಸ್ವಲ್ಪ ಸಡಿಲಿಸಿ. ಅಲ್ಲಿ ಬ್ರೇಕ್ ಒದ್ದರೆ ಓಟ ಸಾಯುತ್ತದೆ. ನಡು ಏರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಉರುಳಿದರೆ ಮಗುಚುವುದೇ ದಾರಿ. ಹತ್ತಲಾಗದು ಅನ್ನಿಸಿದರೆ ಓಟ ಇರುವಾಗಲೇ ಅಡ್ಡ ತಿರುಗಿಸಿ ಇಳಿದುಬಿಡಬೇಕು.

ಅಂದಹಾಗೆ, ಇಲ್ಲಿನ ಅರಬ್ ಹುಡುಗರಿಗೆ ಇವತ್ತಿಗೂ 1987ರಲ್ಲಿ ಬಂದ ಯಮಹಾ ಬ್ಯಾನ್ಶೀ ಅಂದರೆ ಪ್ರಾಣ. ಎರಡು ಸಿಲಿಂಡರಿನ ಟೂ ಸ್ಟ್ರೋಕ್, ಆರ್‌ಡಿ 350 ಎಲ್‌ಸಿ ಬೈಕಿನ ಮನೆತನದ ಇಂಜಿನ್. ಊರಲ್ಲಿ ಆರ್‌ಡಿ ಕೇಳಿ ಬೆಳೆದವರಿಗೆ ದೂರದಿಂದಲೇ ಸದ್ದು ಗುರುತು ಸಿಗುತ್ತದೆ. ಆದರೆ ಅದರ ಪವರ್ ಸುಮ್ಮನಿದ್ದು ಒಮ್ಮೆಲೇ ನುಗ್ಗುತ್ತದೆ. ಕಲಿಯಲು ಅದನ್ನು ನಾನು ಕೊಡುವುದಿಲ್ಲ. ರ‍್ಯಾಪ್ಟರ್ ದೊಡ್ಡದಾದರೂ ಒತ್ತಿದಷ್ಟೇ ಕೊಡುತ್ತದೆ. ಮೇಲಾಗಿ ಥ್ರಾಟಲ್ ಹೌಸಿಂಗ್‌ನಲ್ಲಿ ಒಂದು ಸ್ಕ್ರೂ ಇದೆ, ಒಳಗೆ ತಿರುಗಿಸಿದರೆ ಹೆಬ್ಬೆರಳು ಅರ್ಧಕ್ಕಿಂತ ಮುಂದೆ ಹೋಗದ ಹಾಗೆ ಮಾಡಬಹುದು. ಅತಿಥಿಗಳ ಗಾಡಿಗೆಲ್ಲ ಅದನ್ನು ಮಾಡಿಯೇ ಕೊಡುವುದು.

ಊರಲ್ಲಿ ಪ್ರಾಕ್ಟೀಸ್ ಮಾಡಬಹುದಾ ಅಂತಲೂ ಕೇಳುತ್ತಾರೆ. ಸಕಲೇಶಪುರ, ಚಿಕ್ಕಮಗಳೂರು ಕಡೆ ರೆಸಾರ್ಟ್‌ಗಳಲ್ಲಿ ಸಿಗುವ ಎಟಿವಿಗಳು, ಅಂದರೆ ಇಂಥವೇ ಕ್ವಾಡ್‌ಗಳು, ಬಹುತೇಕ ಆಟೋಮ್ಯಾಟಿಕ್. ಕೈ ಕ್ಲಚ್ ಇರುವುದಿಲ್ಲ, ಗಾಡಿ ಭಾರ, ಜಾಡಿನಲ್ಲಿ ಕಲ್ಲು, ಬೇರು. ಅಲ್ಲಿ ವೀಲಿಗೆ ಕೈ ಹಾಕಬೇಡಿ. ಬಲಗಾಲಿನ ಬ್ರೇಕ್ ಇರುವ ಯಾವುದಾದರೂ ಬೈಕನ್ನು ದಿನಾ ಓಡಿಸಿ, ಪಾದ ಪೆಡಲ್ ಮೇಲೆ ಇಡುವ ಅಭ್ಯಾಸ ಮಾಡಿಕೊಂಡು ಬನ್ನಿ. ಉಳಿದದ್ದನ್ನು ಇಲ್ಲಿ ನೋಡಿಕೊಳ್ಳೋಣ. ಬೂಟು ಮಾತ್ರ ಕಣಕಾಲು ಮುಚ್ಚುವಂಥದ್ದೇ ಇರಲಿ, ಚಪ್ಪಲಿ ಹಾಕಿಕೊಂಡು ಬಂದವರನ್ನು ವಾಪಸ್ ಕಳಿಸುತ್ತೇವೆ.